ಕೈಯಲ್ಲಿ ಒಂದು

(ಡಿಸೆಂಬರ್ 22ರ ಗಣಿತ ದಿನದಂದು ತುಮಕೂರಿನ ಕಾಲೇಜೊಂದರಲ್ಲಿ ಆಡಿದ ಮಾತುಗಳಿವು. ಮಾತಾಡುವಾಗ ದಾರಿ ತಪ್ಪಿದ ಕಡೆಗಳನ್ನು ಒಂದಿಷ್ಟು ಕತ್ತರಿಸಿದ್ದೇನೆ. ಎಲ್ಲವನ್ನೂ ಕತ್ತರಿಸಲು ಮನಸ್ಸು ಬರಲಿಲ್ಲ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ದಿನ ರಾಮಾನುಜನ್ ಬಗ್ಗೆ ಮಾತಾಡುವುದು ರೂಢಿ. ಟ್ಯಾಕ್ಸಿ ನಂಬರು 1729ರ ಕಥೆ ನಿಮಗೆ ಹೈಸ್ಕೂಲಿನಿಂದಲೂ ಗೊತ್ತು. ಅದನ್ನು ಮತ್ತೆ ಹೇಳಿ ನಿಮ್ಮ ಊಟ ತಡ ಮಾಡಲ್ಲ. ನಾನು ಅಷ್ಟು ದೊಡ್ಡ ಗಣಿತದವಳೂ ಅಲ್ಲ. ಮೊದಲು ಗುಬ್ಬಿ ತಾಲ್ಲೂಕಿನ ಹಳ್ಳಿಗಳ ಮಿಡ್ಲ್ ಸ್ಕೂಲು, ಆಮೇಲೆ ಹೈಸ್ಕೂಲು, ಹೀಗೆ ಮೂವತ್ತಮೂರು ವರ್ಷ ಲೆಕ್ಕ ಹೇಳಿಕೊಟ್ಟವಳು. ನನ್ನ ವಿಷಯ ತುಂಬಾ ಚಿಕ್ಕದು. ಏಳೂ ಎಂಟೂ ಹದಿನೈದು. ಐದು ಬರಿ, ಕೈಯಲ್ಲಿ ಒಂದು. ಆ 'ಕೈಯಲ್ಲಿ ಒಂದು' ಇದೆಯಲ್ಲ, ಅದೇ ವಿಷಯ.

ಪುಸ್ತಕದಲ್ಲಿ ಅದಕ್ಕೆ 'ದಶಕ' ಅಂತಾರೆ. ಮಕ್ಕಳು ಹಾಗೆ ಅನ್ನಲ್ಲ. ಕೈಯಲ್ಲಿ ಒಂದು ಅಂತಲೇ ಅನ್ನುತ್ತಾರೆ. ನಾನೂ ಹಾಗೇ ಕಲಿತದ್ದು, ಹಾಗೇ ಕಲಿಸಿದ್ದು. ಅದರ ಹಿಂದೆ ಮುನ್ನೂರು ವರ್ಷದ ಒದ್ದಾಟ ಇದೆ ಅಂತ ಗೊತ್ತಾದದ್ದು ರಿಟೈರ್ ಆದ ಮೇಲೆ, ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ.

ಮಗಳು ಜರ್ಮನಿಯ ಬಾನ್ ಊರಿನಲ್ಲಿದ್ದಾಳೆ. ಹೆಸರು ಬಾನ್, ಆದರೆ ಅಲ್ಲಿ ಬಾನು ಕಾಣುವುದು ಕಮ್ಮಿ, ಮೋಡವೇ ಜಾಸ್ತಿ. ರೈನ್ ನದಿ ದಂಡೆಯ ಊರು. ಬೆಥೋವನ್ ಹುಟ್ಟಿದ್ದು ಅಲ್ಲೇ, 1770ರಲ್ಲಿ. ಎರಡು ಜರ್ಮನಿ ಇದ್ದ ಕಾಲದಲ್ಲಿ ಪಶ್ಚಿಮ ಜರ್ಮನಿಯ ರಾಜಧಾನಿಯೂ ಆಗಿತ್ತು. ಈಗ ನೋಡಿದರೆ ನಮ್ಮ ಬಿ.ಎಚ್. ರಸ್ತೆಯ ಕಾಲುಭಾಗ ಗದ್ದಲವೂ ಇಲ್ಲ.

ನಮ್ಮ ಯಜಮಾನರ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಅವರು ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಅಸೆಂಬ್ಲಿಯಲ್ಲಿದ್ದವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಎಳ್ಳಿಗಿಂತ ಚಿಕ್ಕ ಸ್ಕ್ರೂ ಹಿಡಿದು ಕೂರಿಸುವ ಕೆಲಸ. ಈ ಸಭೆಯಲ್ಲಿ ಕೆಲವರ ತಾತಂದಿರೂ ಅಲ್ಲಿ ಇದ್ದಿರಬಹುದು. ಕಾರ್ಖಾನೆ ಮುಚ್ಚಿತು, ಈಗ ಆ ಜಾಗ ಇಸ್ರೋದ್ದು. ಇವರು ಮಾತ್ರ ಈಗಲೂ ಯಾರ ಮನೆಗೆ ಹೋದರೂ ಮೊದಲು ಗೋಡೆ ಗಡಿಯಾರ ನೋಡುತ್ತಾರೆ. ಜರ್ಮನಿಯಲ್ಲಿ ಮಗಳು ಚರ್ಚು ತೋರಿಸಿದಳು, ಕೋಟೆ ತೋರಿಸಿದಳು, ದೋಣಿ ಹತ್ತಿಸಿದಳು. ಇವರದು ಎಲ್ಲದಕ್ಕೂ ಒಂದೇ ಮಾತು: "ಚೆನ್ನಾಗಿದೆ." ನಾಲ್ಕನೇ ದಿನ ಮಗಳಿಗೆ ಬೇಜಾರಾಗಿ, "ಅಪ್ಪಾ, ನಾಳೆ ನೀವಿಬ್ಬರೇ ಎಲ್ಲಿಗಾದರೂ ಹೋಗಿ ಬನ್ನಿ, ನನಗೆ ಆಫೀಸಿದೆ" ಅಂದಳು.

ಹಾಗೆ ನಾವಿಬ್ಬರೇ ಹೋದದ್ದು ಅರಿತ್ಮೇಯಮ್‌ಗೆ. ಅರಿತ್ಮೆಟಿಕ್ಕೂ ಮ್ಯೂಸಿಯಮ್ಮೂ ಸೇರಿಸಿ ಮಾಡಿದ ಹೆಸರು. ಬಾನ್ ವಿಶ್ವವಿದ್ಯಾಲಯದ ಡಿಸ್ಕ್ರೀಟ್ ಗಣಿತದ ಸಂಶೋಧನಾ ಸಂಸ್ಥೆಗೆ ಸೇರಿದ್ದು. 1999ರಲ್ಲಿ ತೆರೆದದ್ದು. ಗಾಜು ಮತ್ತು ಉಕ್ಕಿನ ಕಟ್ಟಡ, ಹೊರಗಿನಿಂದಲೇ ಒಳಗಿನ ಮೆಟ್ಟಿಲು ಕಾಣುತ್ತದೆ. ಪ್ಯಾರಿಸ್ಸು, ಲಂಡನ್ನಿನ ಮ್ಯೂಸಿಯಮ್ಮುಗಳ ಮುಂದೆ ಇದು ಒಂದು ಅಂಗಡಿ ಮಳಿಗೆ ಅನ್ನಬೇಕು. ಗೋಡೆ ಮೇಲೆ ಬರೀ ಚೌಕ, ಪಟ್ಟೆಗಳ ಚಿತ್ರಗಳೂ ಇವೆ. ಅವು ನನಗೆ ಅರ್ಥವಾಗಲಿಲ್ಲ, ಮುಂದೆ ಹೋದೆ.

ಅಲ್ಲಿ ಇರುವುದು ಲೆಕ್ಕ ಮಾಡುವ ಸಾಮಾನುಗಳು. ಬಿಲ್ಲೆ, ಮೇಜು, ಹಲ್ಲಿನ ಚಕ್ರದ ಯಂತ್ರ, ಕೊನೆಗೆ ಕಂಪ್ಯೂಟರಿನ ಚಿಪ್ಪು. ಕೆಲವು ಹಳೆಯ ಯಂತ್ರಗಳಿಗೆ ಪ್ರತಿಕೃತಿ ಮಾಡಿಟ್ಟಿದ್ದಾರೆ, ಅವನ್ನು ನಾವೇ ತಿರುಗಿಸಿ ನೋಡಬಹುದು. ಮುಟ್ಟಬೇಡಿ ಅನ್ನದ ಮ್ಯೂಸಿಯಮ್ಮು ಅಂದರೆ ನನಗೆ ಅರ್ಧ ಪ್ರೀತಿ ಅಲ್ಲೇ ಬಂದುಬಿಟ್ಟಿತು.

ಮೊದಲು ಲೆಕ್ಕದ ಮೇಜು. ಯುರೋಪಿನ ವ್ಯಾಪಾರಿಗಳು ನೂರಾರು ವರ್ಷ ಲೆಕ್ಕ ಮಾಡಿದ್ದು ಇಂಥದ್ದರ ಮೇಲೆ. ಅಡ್ಡಡ್ಡ ಗೆರೆ ಎಳೆದಿರುತ್ತಾರೆ. ಕೆಳಗಿನ ಗೆರೆ ಬಿಡಿ ಸ್ಥಾನ, ಅದರ ಮೇಲಿನದು ಹತ್ತು, ಆಮೇಲೆ ನೂರು, ಸಾವಿರ. ಎರಡು ಗೆರೆಯ ನಡುವಿನ ಸಂದಿಗೆ ಐದು, ಐವತ್ತು, ಐನೂರರ ಬೆಲೆ. ಗೆರೆ ಮೇಲೆ ಐದು ಬಿಲ್ಲೆ ಆದವೋ, ಎತ್ತಿಬಿಡಿ, ಮೇಲಿನ ಸಂದಿಗೆ ಒಂದು ಇಡಿ. ಸಂದಿಯಲ್ಲಿ ಎರಡು ಆದವೋ, ಎತ್ತಿಬಿಡಿ, ಮೇಲಿನ ಗೆರೆಗೆ ಒಂದು ಇಡಿ. ಅಷ್ಟೇ ಲೆಕ್ಕ.

ನನಗೆ ತಟ್ಟನೆ ನಮ್ಮಪ್ಪನ ಅಂಗಳ ನೆನಪಾಯಿತು. ನಮ್ಮದು ತೆಂಗಿನ ತೋಟ. ಕಾಯಿ ಕೆಡವಿ, ರಾಶಿ ಹಾಕಿ, ಎಣಿಸಲು ಒಬ್ಬ ಆಳು ಕೂರುತ್ತಿದ್ದ. ಅವನು 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದ. ರಾಗಿ ಅಳೆಯುವಾಗಲೂ ಹಾಗೇ ಅಲ್ವಾ, ಮೊದಲ ಕೊಳಗ ಲಾಭ, ಆಮೇಲೆ ಎರಡು. ಹೀಗೆ ಲಾಭ, ಎರಡು, ಮೂರು ಅಂತ ನೂರಕ್ಕೆ ಬಂದಾಗ ಒಂದು ಕಾಯಿ ತೆಗೆದು ಜಗಲಿ ಮೇಲೆ ಇಡುವುದು. ಮತ್ತೆ ಲಾಭದಿಂದ ಶುರು. ಸಂಜೆ ಜಗಲಿ ಮೇಲಿನ ಕಾಯಿ ನೋಡಿದರೆ ಎಷ್ಟು ನೂರು ಅಂತ ಗೊತ್ತಾಗುತ್ತಿತ್ತು. ನಾನು ಐದಾರು ವರ್ಷದವಳಿದ್ದಾಗ ಒಂದು ದಿನ ಆ ಜಗಲಿ ಕಾಯಿ ಒಂದನ್ನು ಉರುಳಿಸಿಕೊಂಡು ಹಿತ್ತಿಲಿಗೆ ಹೋಗಿ ಆಟ ಆಡಿದೆ. ಅವತ್ತು ಲೆಕ್ಕಕ್ಕೆ ನೂರು ಕಾಯಿ ಕಮ್ಮಿ ಬಂತು. ಆಳು ಬೈಸಿಕೊಂಡ, ರಾಶಿಯನ್ನು ಇನ್ನೊಮ್ಮೆ ಎಣಿಸಿದ. ಆಮೇಲೆ ಕಾಯಿ ಹಿತ್ತಿಲಲ್ಲಿ ಸಿಕ್ಕಿತು. "ಒಂದು ಕಾಯಿ ತಾನೇ ತಗೊಂಡಿದ್ದು" ಅಂತ ನಾನು ಅತ್ತೆ. ನಮ್ಮಪ್ಪ, "ಅಲ್ಲಿ ಕೂತಾಗ ಅದು ಒಂದಲ್ಲ ಕಣವ್ವ, ನೂರು" ಅಂದರು. ಸ್ಥಾನಬೆಲೆಯನ್ನು ನನಗೆ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಟ್ಟಿಲ್ಲ.

ಮೇಜಿನ ಬಗ್ಗೆ ಇನ್ನೊಂದು. ಅದಕ್ಕೆ ಸೊನ್ನೆ ಬೇಕಿಲ್ಲ. ಗೆರೆ ಖಾಲಿ ಇದ್ದರೆ ಮುಗಿಯಿತು. ಸೊನ್ನೆ ಬೇಕಾಗುವುದು ಬರೆದು ಲೆಕ್ಕ ಮಾಡುವಾಗ. ನಮ್ಮಲ್ಲಿ ಬ್ರಹ್ಮಗುಪ್ತ 628ರಲ್ಲೇ ಸೊನ್ನೆಯನ್ನು ಕೂಡುವ, ಕಳೆಯುವ ನಿಯಮ ಬರೆದಿದ್ದ. ಆ ಅಂಕಿಗಳು ಅರಬ್ಬರ ಕೈ ದಾಟಿ ಇಟಲಿಗೆ ಹೋದವು. 1202ರಲ್ಲಿ ಅಲ್ಲಿನ ಗಣಿತದವನು ಫಿಬೊನಾಚಿ, ಇವು ಭಾರತೀಯರ ಒಂಬತ್ತು ಅಂಕಿಗಳು ಅಂತ ಹೇಳಿಯೇ ತನ್ನ ಪುಸ್ತಕ ಶುರು ಮಾಡಿದ. ಆದರೂ ಮೇಜು ಹೋಗಲು ಇನ್ನೂ ಮುನ್ನೂರು ವರ್ಷದ ಮೇಲೆ ಬೇಕಾಯಿತು. ಜರ್ಮನಿಯಲ್ಲಿ ಆಡಮ್ ರೀಸ್ ಅಂತ ಒಬ್ಬ ಲೆಕ್ಕದ ಮೇಷ್ಟ್ರು ಇದ್ದ. 1518ರಲ್ಲಿ ಅವನ ಮೊದಲ ಪುಸ್ತಕ ಬಂತು, ಅದು ಬರೀ ಗೆರೆ ಲೆಕ್ಕ. ನಾಲ್ಕು ವರ್ಷಕ್ಕೆ ಬಂದ ಎರಡನೆಯದರಲ್ಲಿ ಗೆರೆ ಲೆಕ್ಕವೂ ಇದೆ, ಲೇಖನಿ ಲೆಕ್ಕವೂ ಇದೆ. ಈಗಲೂ ಜರ್ಮನ್ನರು ಲೆಕ್ಕ ಸರಿಯಾಗಿದೆ ಅನ್ನಲು 'ಆಡಮ್ ರೀಸನ ಪ್ರಕಾರ' ಅನ್ನುತ್ತಾರಂತೆ. ಒಬ್ಬ ಲೆಕ್ಕದ ಮೇಷ್ಟ್ರ ಹೆಸರು ಐನೂರು ವರ್ಷ ಜನರ ಬಾಯಲ್ಲಿ! ನನ್ನ ಹೆಸರು ನನ್ನ ಶಿಷ್ಯರ ಬಾಯಲ್ಲಿ ಬಂದರೆ ಬೇರೆ ಥರ ಬರುತ್ತದೆ ಅಂತ ನನಗೆ ಗೊತ್ತು.

ಇಷ್ಟು ಹೊತ್ತೂ ನಮ್ಮ ಯಜಮಾನರು ಕಿಟಕಿ ಹತ್ತಿರ ನಿಂತು ಹೊರಗೆ ನೋಡುತ್ತಿದ್ದರು. ಮುಂದಿನದು ಶಿಕಾರ್ಡ್‌ನ ಯಂತ್ರ. ಅದನ್ನು ತಿರುಗಿಸಿದಾಗ 'ಟಕ್' ಅಂತ ಒಂದು ಸದ್ದು ಬಂತು. ಇವರು ತಿರುಗಿದರು.

ವಿಲ್ಹೆಲ್ಮ್ ಶಿಕಾರ್ಡ್ ಟ್ಯುಬಿಂಗನ್ನಿನಲ್ಲಿ ಹೀಬ್ರೂ ಭಾಷೆಯ ಮೇಷ್ಟ್ರು. ಗ್ರಹಗಳ ಲೆಕ್ಕದ ಕೆಪ್ಲರ್ ಅವನ ಸ್ನೇಹಿತ. 1623ರಲ್ಲಿ ಕೆಪ್ಲರನಿಗೆ ಕಾಗದ ಬರೆದು, ಕೂಡುವ ಕಳೆಯುವ ಯಂತ್ರ ಮಾಡಿದ್ದೇನೆ ಅಂದ. ಮರುವರ್ಷ ಇನ್ನೊಂದು ಕಾಗದ: ನಿನಗೆ ಅಂತ ಮಾಡಿಸುತ್ತಿದ್ದ ಯಂತ್ರ ಬೆಂಕಿಯಲ್ಲಿ ಸುಟ್ಟುಹೋಯಿತು. ಶಿಕಾರ್ಡ್ 1635ರಲ್ಲಿ ಪ್ಲೇಗಿಗೆ ಸತ್ತ. ಅವನ ಯಂತ್ರ ಯಾವುದೂ ಉಳಿಯಲಿಲ್ಲ. ಬಹಳ ಕಾಲದ ಮೇಲೆ ಅವನ ಕಾಗದ, ನಕ್ಷೆ ಸಿಕ್ಕಿ, 1960ರಲ್ಲಿ ಅವನ್ನು ನೋಡಿಕೊಂಡು ಮತ್ತೆ ಕಟ್ಟಿದರು.

ಅದರಲ್ಲಿ ಕೂಡುವುದಕ್ಕೆ ಆರು ಚಕ್ರ. ಬಿಡಿ, ಹತ್ತು, ನೂರು ಹೀಗೆ. ಒಂದು ಚಕ್ರ ಒಂಬತ್ತರಿಂದ ಸೊನ್ನೆಗೆ ದಾಟುವಾಗ, ಅದರ ಜೊತೆಗಿರುವ ಒಂದೇ ಒಂದು ಹಲ್ಲು ಪಕ್ಕದ ಚಕ್ರವನ್ನು ಒಂದು ಮನೆ ಮುಂದೆ ತಳ್ಳುತ್ತದೆ. ಆ ಹಲ್ಲೇ 'ಕೈಯಲ್ಲಿ ಒಂದು'.

ಇವರು ಬಂದು ಬಗ್ಗಿ ನೋಡಿದರು. ನಾಲ್ಕು ದಿನದಲ್ಲಿ ಮೊದಲ ಸಲ 'ಚೆನ್ನಾಗಿದೆ' ಬಿಟ್ಟು ಬೇರೆ ಮಾತು ಬಂತು. "ಇದು ನಮ್ಮ ತಾರೀಖಿನ ಚಕ್ರ ಕಣೇ" ಅಂದರು. ವಾಚಿನಲ್ಲಿ ರಾತ್ರಿ ಹನ್ನೆರಡಕ್ಕೆ ತಾರೀಖು ಬದಲಾಗಬೇಕಲ್ಲ, ಅಲ್ಲೂ ಒಂದು ಬೆರಳಿನಂಥ ಹಲ್ಲು ದಿನಕ್ಕೊಮ್ಮೆ ಬಂದು ತಳ್ಳುತ್ತದಂತೆ. ವಾರವೂ ತಾರೀಖೂ ಒಟ್ಟಿಗೆ ತಿರುಗಬೇಕಾದ ಆ ಹೊತ್ತಿನಲ್ಲಿ ವಾಚಿಗೆ ಭಾರ ಜಾಸ್ತಿ. ಸ್ಪ್ರಿಂಗಿನ ಕಸು ಅಲ್ಲಿ ಹೋಗುತ್ತದೆ. ಇಷ್ಟು ಹೇಳಿ, "ಎಲ್ಲದರಲ್ಲೂ ಒಂಬತ್ತು ಇಟ್ಟು ಒಂದು ಕೂಡು" ಅಂದರು.

ಅವರು ಕೇಳಿದ್ದು ಸರಿಯಾದ ಪ್ರಶ್ನೆ. 999999ಕ್ಕೆ ಒಂದು ಕೂಡಿದರೆ ಏನಾಗಬೇಕು? ಬಿಡಿ ಚಕ್ರ ಹತ್ತನ್ನು ತಳ್ಳಬೇಕು, ಅದು ನೂರನ್ನು, ಅದು ಸಾವಿರವನ್ನು. ಆರೂ ಚಕ್ರ ಒಂದೇ ಏಟಿಗೆ ತಿರುಗಬೇಕು. ಅಷ್ಟಕ್ಕೂ ಬಲ ಬರಬೇಕಾದದ್ದು ನನ್ನ ಒಂದು ಬೆರಳಿನಿಂದ. ಚಕ್ರ ಜಾಸ್ತಿ ಆದಷ್ಟೂ ಹಲ್ಲು ಮುರಿಯುವ ಭಯ. ಶಿಕಾರ್ಡ್ ಆರಕ್ಕೇ ನಿಲ್ಲಿಸಿದ್ದು ಅದಕ್ಕೇ ಇರಬೇಕು ಅಂತ ಇವರ ಊಹೆ. ಆರು ದಾಟಿದರೆ ಗಂಟೆ ಹೊಡೆಯುತ್ತಿತ್ತು, ಆ ಒಂದನ್ನು ಲೆಕ್ಕ ಮಾಡುವವನೇ ನೆನಪಿಟ್ಟುಕೊಳ್ಳಬೇಕಿತ್ತು. ಅಂದರೆ ಯಂತ್ರ ಕೈಸೋತಾಗ, ಮತ್ತೆ ನಮ್ಮ ಕೈಯಲ್ಲೇ ಒಂದು.

ಪಾಸ್ಕಲ್ ಹೆಸರು ನೀವು ಫಿಸಿಕ್ಸಿನಲ್ಲಿ ಕೇಳಿದ್ದೀರಿ. ಅವನ ಅಪ್ಪ ಫ್ರಾನ್ಸಿನ ರೂವಾನ್ ಊರಿನಲ್ಲಿ ತೆರಿಗೆ ಅಧಿಕಾರಿ. ರಾತ್ರಿಯೆಲ್ಲ ಕೂಡುವುದೇ ಕೆಲಸ. ಅಪ್ಪನ ಕಷ್ಟ ನೋಡಿ ಮಗ 1642ರಲ್ಲಿ ಯಂತ್ರಕ್ಕೆ ಕೈ ಹಾಕಿದ. ಹತ್ತೊಂಬತ್ತರ ಹುಡುಗ, ನಿಮ್ಮದೇ ವಯಸ್ಸು. ಬೆರಳಿನ ಬಲ ಸಾಲದು ಅನ್ನುವ ತೊಂದರೆಗೆ ಅವನು ಕಂಡುಕೊಂಡ ಉಪಾಯ ನೋಡಿ. ಚಕ್ರ ಒಂಬತ್ತರ ಕಡೆ ಹೋಗುತ್ತಾ ಹೋಗುತ್ತಾ ಒಂದು ಭಾರದ ತೋಳನ್ನು ಮೆಲ್ಲಗೆ ಮೇಲೆತ್ತುತ್ತದೆ. ಒಂಬತ್ತು ದಾಟಿದ ತಕ್ಷಣ ತೋಳು ಕೆಳಗೆ ಬೀಳುತ್ತದೆ. ಬಿದ್ದ ರಭಸಕ್ಕೆ ಪಕ್ಕದ ಚಕ್ರ ಒಂದು ಮನೆ ಮುಂದೆ. ಒನಕೆ ಎತ್ತಿ ಬಿಟ್ಟ ಹಾಗೆ. ಪ್ರತಿ ಚಕ್ರಕ್ಕೂ ಅದರದೇ ಒನಕೆ. ಹಾಗಾಗಿ ಎಷ್ಟು ಚಕ್ರ ಇದ್ದರೂ ಬೆರಳಿಗೆ ಭಾರ ಇಲ್ಲ.

ಇದರಿಂದ ಒಂದು ತಾಪತ್ರಯವೂ ಬಂತು. ಚಕ್ರ ಹಿಂದಕ್ಕೆ ತಿರುಗುವಂತಿಲ್ಲ. ಹಾಗಾದರೆ ಕಳೆಯುವುದು ಹೇಗೆ? 742ರಲ್ಲಿ 318 ಕಳೆಯಬೇಕು ಅನ್ನಿ. 742ರ ಪ್ರತಿ ಅಂಕಿಯನ್ನೂ ಒಂಬತ್ತರಿಂದ ಕಳೆದು ಬರೆಯಿರಿ, 257. ಅದಕ್ಕೆ 318 ಕೂಡಿ, 575. ಮತ್ತೆ ಪ್ರತಿ ಅಂಕಿಯನ್ನೂ ಒಂಬತ್ತರಿಂದ ಕಳೆಯಿರಿ, 424. ಉತ್ತರ ಸರಿ ಇದೆಯಾ ನೋಡಿಕೊಳ್ಳಿ. ಪಾಸ್ಕಲನ ಯಂತ್ರದಲ್ಲಿ ಕಿಂಡಿಯ ಮೇಲೆ ಒಂದು ಪಟ್ಟಿ ಇದೆ. ಅದನ್ನು ಸರಿಸಿದರೆ ಅಂಕಿ ಬದಲು ಒಂಬತ್ತರಿಂದ ಕಳೆದ ಅಂಕಿ ಕಾಣುತ್ತದೆ. ಕೂಡುವುದು ಬಿಟ್ಟರೆ ಬೇರೇನೂ ಬಾರದ ಯಂತ್ರದ ಕೈಲಿ ಕಳೆಯುವ ಲೆಕ್ಕ ಮಾಡಿಸಿದ ಹುಡುಗ!

ಅಪ್ಪನ ತೆರಿಗೆ ಲೆಕ್ಕಕ್ಕೆ ಅಂತ ಮಾಡಿದ ಯಂತ್ರದಲ್ಲಿ ಎಲ್ಲ ಚಕ್ರಕ್ಕೂ ಹತ್ತು ಮನೆ ಇಲ್ಲ. ಫ್ರಾನ್ಸಿನ ದುಡ್ಡು ಆಗ ಹನ್ನೆರಡಕ್ಕೊಮ್ಮೆ, ಇಪ್ಪತ್ತಕ್ಕೊಮ್ಮೆ ಮೇಲೇರುತ್ತಿತ್ತು. ಅದಕ್ಕೆ ಒಂದು ಚಕ್ರಕ್ಕೆ ಹನ್ನೆರಡು, ಇನ್ನೊಂದಕ್ಕೆ ಇಪ್ಪತ್ತು. ನಿಮಗೆ ವಿಚಿತ್ರ ಅನ್ನಿಸಬಹುದು. ನಮ್ಮಜ್ಜಿಗೆ ಅನ್ನಿಸುತ್ತಿರಲಿಲ್ಲ. ಹನ್ನೆರಡು ಪೈಗೆ ಒಂದಾಣೆ, ಹದಿನಾರು ಆಣೆಗೆ ಒಂದು ರೂಪಾಯಿ. 1957ರ ಏಪ್ರಿಲ್ 1ರಂದು ನಯಾಪೈಸೆ ಬರುವ ತನಕ ಮಂಡಿಪೇಟೆಯಲ್ಲಿ ಕೂತ ಪ್ರತಿ ಗುಮಾಸ್ತನೂ ಒಂದೇ ಲೆಕ್ಕದಲ್ಲಿ ಹನ್ನೆರಡಕ್ಕೊಂದು ಸಲ, ಹದಿನಾರಕ್ಕೊಂದು ಸಲ, ಹತ್ತಕ್ಕೊಂದು ಸಲ ಕೈಯಲ್ಲಿ ಒಂದು ಹಿಡಿಯುತ್ತಿದ್ದ. ಯಂತ್ರ ಇಲ್ಲದೆ, ಕೊಬ್ಬರಿ ಮೂಟೆ ಮೇಲೆ ಕೂತು.

ಇನ್ನು ಲೈಬ್ನಿಟ್ಸ್. ಕ್ಯಾಲ್ಕುಲಸ್ ಓದುವಾಗ ನೀವು ಬೈದುಕೊಳ್ಳುವ ಇಬ್ಬರಲ್ಲಿ ಒಬ್ಬ. ಬರೀ ಕೂಡಿದರೆ ಸಾಲದು, ಗುಣಿಸಬೇಕು ಅಂತ ಅವನ ಹಟ. ಅವನು ಮಾಡಿದ್ದು ಮೆಟ್ಟಿಲು ಹಲ್ಲಿನ ಉರುಳೆ. ಉರುಳೆಯ ಮೇಲೆ ಒಂಬತ್ತು ಹಲ್ಲು, ಒಂದಕ್ಕಿಂತ ಒಂದು ಉದ್ದ. ಪಕ್ಕದಲ್ಲಿ ಅತ್ತಿತ್ತ ಜರುಗುವ ಒಂದು ಪುಟ್ಟ ಚಕ್ರ. ಅದನ್ನು ಮೂರರ ಮೇಲೆ ನಿಲ್ಲಿಸಿದರೆ ಉರುಳೆ ಒಂದು ಸುತ್ತು ಬರುವಾಗ ಮೂರು ಹಲ್ಲು ಮಾತ್ರ ತಾಕುತ್ತವೆ. 365ನ್ನು 24ರಿಂದ ಗುಣಿಸಬೇಕಾ, 365 ಇಟ್ಟು ಹಿಡಿಕೆ ನಾಲ್ಕು ಸುತ್ತು ತಿರುಗಿಸಿ, ಒಂದು ಮನೆ ಸರಿಸಿ, ಇನ್ನೆರಡು ಸುತ್ತು. 8760 ಬಂತು. ನಾವು ಕಾಗದದ ಮೇಲೆ ಒಂದು ಮನೆ ಬಿಟ್ಟು ಬರೆಯುತ್ತೇವಲ್ಲ, ಅದೇ. 1673ರಲ್ಲಿ ಲಂಡನ್ನಿಗೆ ಒಂದು ಮಾದರಿ ಒಯ್ದು ತೋರಿಸಿದ. ಆಮೇಲೂ ಬಹಳ ವರ್ಷ ಅದರ ಹಿಂದೆ ಬಿದ್ದ, ದುಡ್ಡು ಸುರಿದ.

ಆದರೂ ಒಂದು ಕೊರತೆ ಉಳಿದುಹೋಯಿತು. ಕೈಯಲ್ಲಿ ಒಂದು ಪಕ್ಕದ ಮನೆಗೆ ಹೋಗುತ್ತಿತ್ತು. ಅಲ್ಲೂ ಒಂಬತ್ತು ಇದ್ದು, ಅದರಾಚೆಗೂ ಹೋಗಬೇಕಾದರೆ ನಡುವೆ ನಿಂತುಬಿಡುತ್ತಿತ್ತು. ಅದಕ್ಕೆ ಅವನು ಐದು ಮೂಲೆಯ ಬಿಲ್ಲೆಗಳನ್ನು ಇಟ್ಟ. ಯಾವುದಾದರೂ ಬಿಲ್ಲೆಯ ಮೂಲೆ ಮೇಲೆ ಚಾಚಿಕೊಂಡಿದ್ದರೆ, ಅಲ್ಲಿ ಒಂದು ಬಾಕಿ ಇದೆ ಅಂತ ಅರ್ಥ. ಕೈಯಿಂದ ದೂಡಬೇಕು. ಅವನು ಸತ್ತ ಮೇಲೆ ಯಂತ್ರ ರಿಪೇರಿಗೆ ಅಂತ ಗ್ಯೋಟಿಂಗನ್ನಿಗೆ ಹೋಗಿ ಅಟ್ಟ ಸೇರಿತು. 1879ರಲ್ಲಿ ಯಾರೋ ನೋಡುವ ತನಕ ಅಲ್ಲೇ ಇತ್ತು. ರಿಪೇರಿಗೆ ಕೊಟ್ಟ ಮಿಕ್ಸಿಯ ಕಥೆ ಎಲ್ಲಾ ಕಾಲದಲ್ಲೂ ಒಂದೇ.

ಆ ಉರುಳೆಯ ಮುಂದೆ ನಿಂತಾಗ ನನಗೆ ಒಬ್ಬ ಹುಡುಗಿ ನೆನಪಾದಳು. ನನ್ನ ಮೊದಲ ಶಾಲೆ, ಮೂರನೇ ವರ್ಷ ಇರಬೇಕು. ಐದನೇ ಕ್ಲಾಸು. ಬೋರ್ಡಿನ ಮೇಲೆ 398 ಮತ್ತು 207 ಕೂಡಲು ಕೊಟ್ಟೆ. 595 ಬರೆದಳು. ಎಂಟೂ ಏಳೂ ಹದಿನೈದು, ಐದು ಬರೆದು ಕೈಯಲ್ಲಿದ್ದ ಒಂದನ್ನು ಮರೆತಿದ್ದಳು. "ಕೈಯಲ್ಲಿದ್ದ ಒಂದು ಎಲ್ಲಿ ಹೋಯಿತು?" ಅಂತ ಜೋರು ಮಾಡಿದೆ. ಆ ಹುಡುಗಿ ನಿಜವಾಗಿಯೂ ಅಂಗೈ ಬಿಚ್ಚಿ ನೋಡಿದಳು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಅವಳಿಗೆ ಮರೆವು, ಗಮನ ಇಲ್ಲ ಅಂತ ರಿಪೋರ್ಟ್ ಕಾರ್ಡಿನಲ್ಲೂ ಬರೆದೆ. ಅವಳು ಎಡವಿದ ಲೆಕ್ಕ ಎಂಥದ್ದು ನೋಡಿ. ಹದಿನೈದರಿಂದ ಬಂದ ಒಂದು, ಪಕ್ಕದ ಒಂಬತ್ತರ ಮೇಲೆ ಕೂತು, ಅದನ್ನೂ ಸೊನ್ನೆ ಮಾಡಿ, ಅದರಾಚೆಯ ಮೂರರ ಮನೆಗೆ ಹೋಗಬೇಕಿತ್ತು. ಲೈಬ್ನಿಟ್ಸನ ಯಂತ್ರ ನಿಂತುಹೋಗುತ್ತಿದ್ದದ್ದೂ ಅಲ್ಲೇ.

ಮುಂದಿನ ಇನ್ನೂರು ವರ್ಷ ಓಡಿಸಿಬಿಡುತ್ತೇನೆ. 1820ರಲ್ಲಿ ಫ್ರಾನ್ಸಿನ ತೋಮಾ ಅನ್ನುವವನು ಲೈಬ್ನಿಟ್ಸನ ಉರುಳೆ ಇಟ್ಟುಕೊಂಡೇ ಅರಿತ್ಮೋಮೀಟರಿಗೆ ಪೇಟೆಂಟ್ ತೆಗೆದ. ಅದು ಆಮೇಲೆ ಅಂಗಡಿಯಲ್ಲಿ ಕೊಳ್ಳಲು ಸಿಗುವ ಯಂತ್ರವಾಯಿತು. 1870ರ ದಶಕದಲ್ಲಿ ರಷ್ಯಾದಲ್ಲಿದ್ದ ಸ್ವೀಡನ್ನಿನ ಒಡ್ನರ್ ಉರುಳೆ ಬಿಟ್ಟು, ಹಲ್ಲು ಒಳಗೆ ಹೊರಗೆ ಬರುವ ಚಕ್ರ ಮಾಡಿದ. ಯಂತ್ರ ಸಣ್ಣದಾಯಿತು, ಅಗ್ಗವಾಯಿತು. ಗಾಜಿನ ಪೆಟ್ಟಿಗೆಗಳಲ್ಲಿ ಸಾಲು ಸಾಲು ಇವೆ. ನಮ್ಮ ಯಜಮಾನರು ಒಂದೊಂದರ ಮುಂದೆಯೂ ಹತ್ತು ನಿಮಿಷ ನಿಂತರು. ನನಗೆ ಕಾಲು ನೋವು ಬಂತು.

ಆ ಸಾಲಿನ ಕೊನೆಯಲ್ಲಿ ಹಳೆಯ ಗೆಳತಿ ಸಿಕ್ಕ ಹಾಗಾಯಿತು. ಹಿಡಿಕೆ ತಿರುಗಿಸುವ ಯಂತ್ರ! ನಾನು ಬಿ.ಎಸ್ಸಿ.ಯಲ್ಲಿ ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡಿದ್ದೆ. ಎಪ್ಪತ್ತರ ದಶಕ. ಪ್ರಾಕ್ಟಿಕಲ್ ಲ್ಯಾಬಿನಲ್ಲಿ ಫೆಸಿಟ್ ಕಂಪನಿಯ ಯಂತ್ರಗಳಿದ್ದವು. ಇಬ್ಬರಿಗೆ ಒಂದು. ಇಪ್ಪತ್ತು ಹುಡುಗ ಹುಡುಗಿಯರು ಒಟ್ಟಿಗೆ ಕರಕರ ತಿರುಗಿಸಿದರೆ ರಾಗಿ ಬೀಸುವ ಮನೆ ಥರ ಸದ್ದು. ಭಾಗಿಸುವುದು ಅಂದರೆ ಹಿಂದಕ್ಕೆ ತಿರುಗಿಸಿ ಕಳೆಯುತ್ತಾ ಹೋಗುವುದು. ಜಾಸ್ತಿ ಕಳೆದರೆ 'ಟಿಣ್' ಅಂತ ಗಂಟೆ ಹೊಡೆಯುತ್ತಿತ್ತು. ಒಂದು ಸುತ್ತು ಮುಂದಕ್ಕೆ ತಿರುಗಿಸಿ ಸರಿ ಮಾಡಿ, ಒಂದು ಮನೆ ಸರಿಸಿ, ಮತ್ತೆ ಶುರು. ಸ್ಟ್ಯಾಂಡರ್ಡ್ ಡಿವಿಯೇಶನ್ ಸಿಗುವ ಹೊತ್ತಿಗೆ ತೋಳು ಬಿದ್ದುಹೋಗಿರುತ್ತಿತ್ತು. ನೀವು ಈಗ ಮೊಬೈಲಿನಲ್ಲಿ ಒತ್ತುತ್ತೀರಿ.

ಮುಟ್ಟಬಹುದಾದ ಮೇಜಿನ ಮೇಲೆ ಅಂಥದ್ದೇ ಒಂದು ಇತ್ತು. ಏನು ಲೆಕ್ಕ ಮಾಡುವುದು ಅಂತ ಯೋಚಿಸಿದಾಗ ಮಹಾವೀರ ನೆನಪಾದ. ಒಂಬತ್ತನೇ ಶತಮಾನ, ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಗಣಿತದವನು. 'ಗಣಿತಸಾರಸಂಗ್ರಹ' ಬರೆದವನು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಇರುತ್ತದೆ ಅಂತ ಒಂದು ತಪ್ಪನ್ನೂ ಬರೆದಿದ್ದಾನೆ, ಮುಚ್ಚಿಡಬೇಕಾಗಿಲ್ಲ. ಆದರೆ ಅವನಿಗೆ ಹೂವಿನ ಹಾರದಂಥ ಗುಣಲಬ್ಧಗಳ ಹುಚ್ಚು ಇತ್ತು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಇರುವಂಥವು. 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ 12345654321. ಅವನು ಕೊಟ್ಟ ಇನ್ನೊಂದು, 12345679 ಗುಣಿಸು 9. ಎಂಟು ಇಲ್ಲ ನೋಡಿ ಅದರಲ್ಲಿ.

ಅದನ್ನೇ ಇಟ್ಟು ಹಿಡಿಕೆ ತಿರುಗಿಸಿದೆ. ಎರಡನೇ ಸುತ್ತಿಗೆ 24691358. ಮೂರಕ್ಕೆ 37037037. ಆರಕ್ಕೆ 74074074. ಎಂಟನೇ ಸುತ್ತಿಗೆ ಕಿಂಡಿಗಳಲ್ಲಿ 98765432 ಅಂತ ಇಳಿಜಾರಾಗಿ ನಿಂತಿತು. ಇವರು ಪಕ್ಕಕ್ಕೆ ಬಂದು ನಿಂತಿದ್ದರು. "ಈಗ ನೋಡಿ" ಅಂದು ಒಂಬತ್ತನೇ ಸುತ್ತು ತಿರುಗಿಸಿದೆ. ಈ ಸುತ್ತಿನಲ್ಲಿ ಏನಾಗುತ್ತದೆ ಕೇಳಿ. ಎರಡೂ ಒಂಬತ್ತೂ ಹನ್ನೊಂದು, ಒಂದು ಬರಿ, ಕೈಯಲ್ಲಿ ಒಂದು. ಮೂರೂ ಏಳೂ ಕೈಯಲ್ಲಿದ್ದ ಒಂದೂ ಹನ್ನೊಂದು. ನಾಲ್ಕೂ ಆರೂ ಒಂದೂ ಹನ್ನೊಂದು. ಐದೂ ಐದೂ ಒಂದೂ ಹನ್ನೊಂದು. ಹೀಗೆ ಎಂಟು ಮನೆಯಲ್ಲೂ ಹನ್ನೊಂದೇ, ಎಂಟು ಮನೆಯಿಂದಲೂ ಕೈಯಲ್ಲಿ ಒಂದು. ಒಳಗಿನಿಂದ ಬಲದಿಂದ ಎಡಕ್ಕೆ ಟಕಟಕಟಕ ಅಂತ ಸದ್ದು ಓಡಿತು. ಹಿಡಿಕೆ ಸ್ವಲ್ಪ ಭಾರವಾಯಿತು. ನಿಂತಾಗ ಕಿಂಡಿಯಲ್ಲಿ ಒಂಬತ್ತು ಒಂದು. 111111111.

ನಮ್ಮ ಯಜಮಾನರು, "ಇನ್ನೊಂದ್ಸಲ" ಅಂದರು. ಅಂಕಿ ನೋಡಲಿಕ್ಕಲ್ಲ, ಕಿವಿ ಯಂತ್ರಕ್ಕೆ ಹಚ್ಚಿದರು. ಒಂದೊಂದು ಚಕ್ರವೂ ಒಟ್ಟಿಗೆ ತಿರುಗುತ್ತಿಲ್ಲ, ಚೂರು ಚೂರು ತಡವಾಗಿ ಒಂದರ ಹಿಂದೆ ಒಂದು ಬರುತ್ತಿವೆ ಅಂತ ಕೇಳಿಯೇ ಹೇಳಿದರು. ಶಿಕಾರ್ಡನ ಭಾರಕ್ಕೆ ಈ ಯಂತ್ರ ಮಾಡಿದವರು ಕಂಡುಕೊಂಡ ಮದ್ದು ಅದು. ಎಲ್ಲವನ್ನೂ ಒಂದೇ ಏಟಿಗೆ ತಳ್ಳಬೇಡ, ಸಾಲಾಗಿ ತಳ್ಳು. ಮಹಾವೀರನನ್ನು ಅಲ್ಲಿನ ಗಾಜಿನ ಪೆಟ್ಟಿಗೆಗಳಲ್ಲಿ ನನ್ನ ಕಣ್ಣು ಹುಡುಕಿತು, ಸಿಗಲಿಲ್ಲ. ಇರಲಿ, ನಾವೇ ಒಯ್ದಿದ್ದೆವಲ್ಲ.

ಕುರ್ಟಾ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮುಷ್ಟಿಯಲ್ಲಿ ಹಿಡಿಯುವಷ್ಟು ಕಪ್ಪು ಡಬ್ಬಿ, ಮೇಲೊಂದು ಪುಟ್ಟ ಹಿಡಿಕೆ. ಕಾಫಿ ಬೀಜ ಬೀಸುವ ಕೈಯಂತ್ರದ ಮರಿ. ಕೂಡುತ್ತದೆ, ಕಳೆಯುತ್ತದೆ, ಗುಣಿಸುತ್ತದೆ, ಭಾಗಿಸುತ್ತದೆ. ಮಾಡಿದವನು ವಿಯೆನ್ನಾದ ಕುರ್ಟ್ ಹೆರ್ಜ್‌ಸ್ಟಾರ್ಕ್. ಅಪ್ಪ ಯಹೂದಿ. 1943ರಲ್ಲಿ ನಾಜಿಗಳು ಹಿಡಿದು ಬುಖೆನ್‌ವಾಲ್ಡ್ ಶಿಬಿರಕ್ಕೆ ಹಾಕಿದರು. ಇವನ ತಲೆಯಲ್ಲಿ ಇಂಥದ್ದೊಂದು ಯಂತ್ರ ಇದೆ ಅಂತ ಅಲ್ಲಿನವರಿಗೆ ಗೊತ್ತಾಯಿತು. ನಕ್ಷೆ ಬರೆ, ಯುದ್ಧ ಗೆದ್ದ ಮೇಲೆ ಹಿಟ್ಲರನಿಗೆ ಉಡುಗೊರೆ ಕೊಡೋಣ ಅಂದರು. ಸಾವು ಬಾಗಿಲಲ್ಲಿ ನಿಂತಿರುವಾಗ ಆತ ಒಂದೊಂದು ಚಕ್ರದ ಅಳತೆ ಸಮೇತ ನೆನಪಿನಿಂದ ನಕ್ಷೆ ಬರೆದ. ಆ ನಕ್ಷೆ ಜೀವ ಉಳಿಸಿತು ಅಂತ ಅವನೇ ನಂಬಿದ್ದ. 1945ರ ಏಪ್ರಿಲ್‌ನಲ್ಲಿ ಶಿಬಿರ ಬಿಡುಗಡೆಯಾಯಿತು. ಆಮೇಲೆ ಲೀಕ್ಟೆನ್‌ಸ್ಟೈನ್ ಅನ್ನುವ ಪುಟ್ಟ ದೇಶದಲ್ಲಿ ಕಾರ್ಖಾನೆ. ಸುಮಾರು 1 ಲಕ್ಷ 40 ಸಾವಿರ ಯಂತ್ರ ಮಾಡಿದರು. ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಬಂದ ಮೇಲೆ ನಿಂತಿತು.

ಒಳಗೆ ಒಂದೇ ಉರುಳೆ, ಲೈಬ್ನಿಟ್ಸನದು. ಕಳೆಯಬೇಕಾದರೆ ಹಿಡಿಕೆಯನ್ನು ಚೂರು ಮೇಲೆತ್ತಿ ತಿರುಗಿಸಬೇಕು. ಆಗ ಉರುಳೆ ಒಂಬತ್ತರಿಂದ ಕಳೆದ ಅಂಕಿಯನ್ನು ಕೂಡುತ್ತದೆ. ಪಾಸ್ಕಲನ ಪಟ್ಟಿಯ ಉಪಾಯ, ಮುನ್ನೂರು ವರ್ಷದ ಮೇಲೆ, ಅಂಗೈಯಲ್ಲಿ. ನಮ್ಮ ಯಜಮಾನರು ಅದರ ಮುಂದೆ ಮಾತಾಡಲಿಲ್ಲ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಭಾಗ ಕೂರಿಸುವುದು ಎಂಥ ಕೆಲಸ ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕೊನೆಯದು ಚಿಪ್ಪುಗಳು. ಈ ಮ್ಯೂಸಿಯಮ್ ನಡೆಸುವ ಸಂಸ್ಥೆಯ ನಿಜವಾದ ಕೆಲಸ ಅದೇ. ಚಿಪ್ಪಿನ ಮೇಲೆ ಲಕ್ಷಗಟ್ಟಲೆ ಪುಟ್ಟ ಭಾಗಗಳನ್ನು ಎಲ್ಲೆಲ್ಲಿ ಕೂರಿಸಬೇಕು, ತಂತಿಗಳನ್ನು ಯಾವ ದಾರಿಯಲ್ಲಿ ಎಳೆದರೆ ಹತ್ತಿರ ಅನ್ನುವ ಗಣಿತ. ನಿಮ್ಮಲ್ಲಿ ಕಂಪ್ಯೂಟರ್ ಸೈನ್ಸಿನವರಿಗೆ ಗೊತ್ತಿರಬೇಕು, ಅಲ್ಲೂ ಕೂಡುವಾಗ ತಡವಾಗುವುದು ಕೈಯಲ್ಲಿರುವ ಇದೇ ಒಂದರಿಂದ. ಅರವತ್ತನಾಲ್ಕು ಮನೆ ಇದ್ದರೆ, ಕೊನೆಯ ಮನೆ ತನ್ನ ಉತ್ತರ ಹೇಳಲು ಮೊದಲ ಮನೆಯಿಂದ ಸುದ್ದಿ ಬರುವ ತನಕ ಕಾಯಬೇಕು. ಅದಕ್ಕೆ, ಒಂದು ಬರುತ್ತದಾ ಇಲ್ಲವಾ ಅಂತ ಮುಂಚೆಯೇ ಲೆಕ್ಕ ಹಾಕುವ ಬೇರೆ ಸರ್ಕ್ಯೂಟು ಇಡುತ್ತಾರೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲೇ ಹಿತ್ತಾಳೆ ಚಕ್ರಗಳಲ್ಲಿ ಅದನ್ನು ಮಾಡಲು ಹೊರಟಿದ್ದ. ಸಾಲಿನಲ್ಲಿ ಎಲ್ಲೆಲ್ಲಿ ಒಂಬತ್ತು ಕೂತಿದೆ ಅಂತ ಮೊದಲೇ ನೋಡಿಕೊಂಡು ಎಲ್ಲವನ್ನೂ ಒಂದೇ ಸಲಕ್ಕೆ ಜರುಗಿಸುವ ಏರ್ಪಾಡು. ಚಿಪ್ಪುಗಳ ಮುಂದೆ ಇವರಿಗೆ ಮತ್ತೆ ಬೇಜಾರು. "ಏನೂ ಅಲ್ಲಾಡಲ್ಲವಲ್ಲ" ಅಂದರು.

ಬೆಳಿಗ್ಗೆ ಹನ್ನೊಂದೂವರೆಗೆ ಒಳಗೆ ಹೋದವರು ಬಾಗಿಲು ಹಾಕುವ ಹೊತ್ತಿಗೆ ಹೊರಗೆ ಬಂದೆವು. ಮಗಳು ಗಾಬರಿಯಾಗಿ ಆರು ಸಲ ಫೋನ್ ಮಾಡಿದ್ದಳು. ರಾತ್ರಿ ಊಟಕ್ಕೆ ಕೂತು ಅವರಪ್ಪ ಮಾತಾಡಿದರು, ಮಾತಾಡಿದರು, ಹನ್ನೊಂದು ಗಂಟೆಯ ತನಕ ಮಾತಾಡಿದರು. ಅವಳು ನನ್ನ ಮುಖ ನೋಡಿದಳು.

ಊರಿಗೆ ಬಂದ ಮೇಲೆ ಅವರು ಹಿತ್ತಿಲ ಕೋಣೆ ಸೇರಿದರು. ಪ್ಲೈವುಡ್ಡು, ಸೈಕಲ್ ಕಡ್ಡಿ, ಹಳೆಯ ಗೋಡೆ ಗಡಿಯಾರದ ಸ್ಪ್ರಿಂಗು. ಎರಡು ತಿಂಗಳು. ಅದರ ಫಲ ಇಲ್ಲಿ ಮೇಜಿನ ಮೇಲಿದೆ, ಬಟ್ಟೆ ಮುಚ್ಚಿದ್ದು ಏನು ಅಂತ ನೀವು ಆಗಿನಿಂದ ನೋಡುತ್ತಿದ್ದೀರಿ. ನಾಲ್ಕು ಚಕ್ರ, ಬಿಡಿಯಿಂದ ಸಾವಿರದ ತನಕ. ಪಾಸ್ಕಲನ ಒನಕೆ ಹಾಕಲು ನೋಡಿದರು, ಆಗಲಿಲ್ಲ, ಶಿಕಾರ್ಡನ ಒಂಟಿ ಹಲ್ಲೇ ಇದೆ. ಅವರು ಇವತ್ತು ಬಂದಿಲ್ಲ. ಸಭೆ ಅಂದರೆ ಅವರಿಗೆ ಆಗಲ್ಲ. ಆದರೆ ಬೆಳಿಗ್ಗೆ ಇದನ್ನು ಆಟೋದಲ್ಲಿ ಇಡುವಾಗ ಎರಡು ಮಾತು ಹೇಳಿ ಕಳಿಸಿದ್ದಾರೆ. 9999 ಇಟ್ಟು ಒಂದು ಕೂಡಿ ನೋಡಲು ಹೇಳಬೇಕಂತೆ. ನೂರರ ಚಕ್ರ ಸ್ವಲ್ಪ ಹಿಡಿಯುತ್ತದೆ, ಜೋರು ಮಾಡಬಾರದಂತೆ, ಬೆರಳು ಅಲ್ಲೇ ಇಟ್ಟುಕೊಂಡು ಚೂರು ಕಾಯಬೇಕಂತೆ.

ಯಾರು ಮೊದಲು ಬರುತ್ತೀರಿ?